ಕಿವಿಗೊಂದು ಬಿಡಿಭಾಗ

ಕಣ್ಣು ಮಂದವಾದವನನ್ನು ಕಂಡು ಲೋಕ ಕನಿಕರಪಡುತ್ತದೆ; ಕಿವಿ ಮಂದವಾದವನನ್ನು ಕಂಡರೆ ಅದೇ ಲೋಕ ನಗುತ್ತದೆ, ಇಲ್ಲವೆ ಗದರುತ್ತದೆ. ಕನ್ನಡಕ ಧರಿಸಿದವನು ಪಂಡಿತನಂತೆ ಕಾಣುತ್ತಾನೆ. ಕಿವಿಯಲ್ಲಿ ಯಂತ್ರವಿಟ್ಟುಕೊಂಡವನು ಮುದುಕನಂತೆ ಮಾತ್ರ ಕಾಣುತ್ತಾನೆ. ಆದುದರಿಂದಲೇ ಕಿವಿಯ ಕೊರತೆಯನ್ನು ಜನ ಆದಷ್ಟು ದಿನ ಮುಚ್ಚಿಡುತ್ತಾರೆ. ಅದು ತಪ್ಪದೆ ಬಯಲಾಗುವುದು ಟೆಲಿಫೋನಿನ ಮುಂದೆ. ಎದುರಿಗೆ ಕುಳಿತವರ ಮಾತನ್ನು ತುಟಿಯ ಚಲನೆಯಿಂದ, ಮುಖಭಾವದಿಂದ ಊಹಿಸಿಕೊಳ್ಳಬಹುದು. ತಂತಿಯಲ್ಲಿ ಬರುವ ಮಾತಿಗೆ ತುಟಿಯೂ ಇಲ್ಲ, ಮುಖವೂ ಇಲ್ಲ.

ವಯಸ್ಸು ಕಿವಿಯಿಂದ ಮೊದಲು ಕಸಿದುಕೊಳ್ಳುವುದು ತಾರಸ್ಥಾಯಿಯ ಸದ್ದುಗಳನ್ನು. ಸ್ವರಗಳು ಕೇಳುತ್ತವೆ, ಸ, ಶ, ತ, ಕಗಳಂಥ ವ್ಯಂಜನಗಳು ಕರಗಿಹೋಗುತ್ತವೆ. ಟೆಲಿಫೋನು ಕೂಡ ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳವರೆಗಿನ ಸದ್ದನ್ನಷ್ಟೇ ಸಾಗಿಸುವಂತೆ ರೂಪುಗೊಂಡ ಯಂತ್ರ. ಎರಡು ಕೊರತೆಗಳೂ ಕೂಡಿದಾಗ ಮಾತು ಕೇಳುತ್ತದೆ, ಆದರೆ ತಿಳಿಯುವುದಿಲ್ಲ. ‘ಸಾಲಿ ಸುರು ಆತವ್ವಾ’ ಎಂದು ಮಗಳು ಮೊಮ್ಮಗನ ಶಾಲೆಯ ಸುದ್ದಿ ಹೇಳಿದರೆ, ತಾಯಿ ಪುಣೆಯ ಗಾಳಿಯನ್ನು ಕುರಿತು ವಿಚಾರಿಸತೊಡಗುತ್ತಾಳೆ.

ವಿಚಿತ್ರವೆಂದರೆ, ಟೆಲಿಫೋನು ಹುಟ್ಟಿದ್ದೇ ಇಂಥ ಸಂಸಾರದಲ್ಲಿ. 1876ರಲ್ಲಿ ಅದರ ಹಕ್ಕುಪತ್ರ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ತಾಯಿಗೆ ಕಿವಿ ಮಂದ; ಹೆಂಡತಿ ಮೇಬೆಲ್ ಎಳವೆಯಲ್ಲೇ ಜ್ವರದಿಂದ ಶ್ರವಣಶಕ್ತಿಯನ್ನು ಕಳೆದುಕೊಂಡವಳು. ಜಗತ್ತಿಗೆಲ್ಲ ದೂರದ ದನಿ ಕೇಳಿಸಿದವನ ಮನೆಯಾಕೆಗೆ ಆ ದನಿ ಕೇಳಲೇ ಇಲ್ಲ. 1947ರಲ್ಲಿ ಅವನ ಹೆಸರಿನ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿದಾಗ, ಅದನ್ನು ಬಳಸಿ ಪೇಟೆಗೆ ಬಂದ ಮೊದಲ ಸರಕುಗಳಲ್ಲಿ ಕಿವಿಯ ಯಂತ್ರವೂ ಒಂದು.

ಹಿರಣ್ಯಕೇಶಿಯ ದಡದ ಸಂಕೇಶ್ವರದಲ್ಲಿ, ಹೆದ್ದಾರಿಯ ಲಾರಿಗಳ ಸದ್ದು ತಲಪುವ ಒಂದು ಓಣಿಯಲ್ಲಿ, ನಿವೃತ್ತ ಮಾಸ್ತರರೊಬ್ಬರ ಮನೆ. ಮೊಬೈಲು ಬಂದರೂ ಆ ಮನೆಯಿಂದ ತಂತಿಯ ಫೋನು ಹೋಗಿಲ್ಲ. ಕಾರಣ, ಅಳಿಯ ಪರದೇಶದಿಂದ ತಂದುಕೊಟ್ಟ ದನಿ ಏರಿಸುವ ರಿಸೀವರು. ಹಿಡಿಕೆಯ ಒಳಗೆ ಪುಟ್ಟದೊಂದು ಆಂಪ್ಲಿಫೈಯರು. ಹೆಬ್ಬೆರಳಿಗೆ ಸಿಗುವಂತೆ ಒಂದು ಗಾಲಿ. ತಿರುಗಿಸಿದಷ್ಟೂ ದನಿ ಏರುತ್ತದೆ, ಅದೂ ಕೇಳುವ ಒಂದು ಕಿವಿಗೆ ಮಾತ್ರ. ಮಾಸ್ತರರ ಹೆಂಡತಿ ಪ್ರತಿ ರವಿವಾರ ಸಂಜೆ ಅದನ್ನು ಹಿಡಿದು ಪುಣೆಯ ಮಗಳೊಡನೆ ಮುಕ್ಕಾಲು ತಾಸು ಮೆಲುದನಿಯಲ್ಲಿ ಮಾತನಾಡುತ್ತಿದ್ದರು.

ಒಂದು ರವಿವಾರ ರಿಸೀವರು ಕರಕರ ಎಂದಿತು. ಮುಂದಿನ ವಾರ ಮೂಕವಾಯಿತು. ಮನೆಯ ಹುಡುಗರು ಮೊಬೈಲಿನ ಸ್ಪೀಕರು ಹಾಕಿಕೊಟ್ಟರು. ಮಗಳ ದನಿ ಪಡಸಾಲೆಯನ್ನೆಲ್ಲ ತುಂಬಿತು. ಸೊಸೆ ಕೇಳುತ್ತಿದ್ದಾಳೆ, ಮೊಮ್ಮಕ್ಕಳು ಕೇಳುತ್ತಿದ್ದಾರೆ, ಹಾಲು ಕೊಡಲು ಬಂದವನೂ ಕೇಳುತ್ತಿದ್ದಾನೆ. ತಾಯಿ, ‘ಆರಾಮ ಅದೀನಿ, ನೀವೂ ಆರಾಮ ಇರ್ರಿ’ ಎಂದು ಫೋನನ್ನು ಹಿಂದಕ್ಕೆ ಕೊಟ್ಟರು. ಮುಕ್ಕಾಲು ತಾಸಿನ ಮಾತು ಮೂರು ನಿಮಿಷಕ್ಕೆ ಇಳಿಯಿತು. ಇದು ಉಳಿದವರ ಗಮನಕ್ಕೆ ಬರಲಿಲ್ಲ. ಮಾಸ್ತರರ ಗಮನಕ್ಕೆ ಬಂತು.

ರಿಸೀವರನ್ನು ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಅವರು ಪೇಟೆಗೆ ಹೊರಟರು. ‘ಇದರ ಸಾಮಾನ ಇಲ್ಲೆ ಸಿಗೂದಿಲ್ರೀ ಮಾಸ್ತರ್ರ, ಹೊಸಾದು ತಗೊಂಡುಬಿಡ್ರಿ’ ಎಂದ ಮೊದಲ ಅಂಗಡಿಯವನು. ಹೊಸದೂ ಇಲ್ಲಿ ಸಿಗುವುದಿಲ್ಲವೆಂಬುದನ್ನು ಅವನು ಹೇಳಲಿಲ್ಲ. ನಿಪ್ಪಾಣಿಯ ಮೇಲೆ ಹಾಯ್ದು ಕೊಲ್ಹಾಪುರಕ್ಕೆ ಹೋದರೆ, ‘ಮಿಳಣಾರ ನಾಹೀ’ ಎಂದರು. ಗಡಿ ದಾಟಿದಾಗ ಭಾಷೆ ಬದಲಾಯಿತು, ಉತ್ತರ ಬದಲಾಗಲಿಲ್ಲ.

ಹಿಂದೆ ಹೀಗಿರಲಿಲ್ಲ. 1948ರಲ್ಲಿ ಆರಂಭವಾದ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ಕಪ್ಪು ಫೋನು ಇಲಾಖೆಯ ಸೊತ್ತಾಗಿತ್ತು. ಕೆಟ್ಟರೆ ಅದರ ಚಿಂತೆ ಲೈನ್‌ಮನ್ನನದು. ಬಾಯಿಯ ಕಡೆಯ ಮುಚ್ಚಳವನ್ನು ಕೈಯಿಂದಲೇ ತಿರುವಿ ತೆಗೆದರೆ ಒಳಗೆ ಇದ್ದಿಲಿನ ಕಣಗಳ ಡಬ್ಬಿ. ಕಣಗಳು ಗಟ್ಟಿಯಾಗಿ ಕೂತರೆ ರಿಸೀವರನ್ನು ಅಂಗೈಗೆ ನಾಲ್ಕು ಸಲ ಬಡಿದರೆ ಸಾಕು, ಮತ್ತೆ ಮಾತು ಹೊರಡುತ್ತಿತ್ತು. ಈಗ ಯಂತ್ರ ಕೊಂಡವನದು. ಅದರ ಚಿಂತೆಯೂ ಅವನದೇ.

ಕೊನೆಗೆ ರಿಸೀವರನ್ನು ಬಿಚ್ಚಿ ನೋಡಿದವನು ಸಂಕೇಶ್ವರದಲ್ಲೇ ರೇಡಿಯೋ ರಿಪೇರಿ ಮಾಡುತ್ತಿದ್ದ ಮುದುಕ. ಆಂಪ್ಲಿಫೈಯರಿಗೆ ಏನೂ ಆಗಿರಲಿಲ್ಲ. ರೋಗ ಎರಡು: ಸುರುಳಿಯ ವೈರು ಮಡಿಚಿ ಮಡಿಚಿ ಒಳಗೇ ತುಂಡಾಗಿತ್ತು, ದನಿ ಏರಿಸುವ ಗಾಲಿ ಸವೆದಿತ್ತು. ವೈರನ್ನು ಬೆಸುಗೆ ಹಾಕಬಾರದೇ ಎಂದರೆ, ಅದು ಗಟ್ಟಿ ತಾಮ್ರವಲ್ಲ. ದಾರದ ಮೇಲೆ ಸುತ್ತಿದ ತೆಳುವಾದ ತಾಮ್ರದ ಪಟ್ಟಿ, ಜರಿಯಂಥದು. ಅದಕ್ಕೇ ಅಷ್ಟು ಬಳುಕುತ್ತದೆ; ಅದಕ್ಕೇ ಬೆಸುಗೆಗೆ ಒಗ್ಗುವುದಿಲ್ಲ. ಅಂಥ ನಾಲ್ಕೆಳೆಯ ವೈರು ಬೆಳಗಾವಿಯಲ್ಲಿ ಸಿಕ್ಕಿತು.

ಗಾಲಿ ಮಾತ್ರ ಎಲ್ಲಿಯೂ ಸಿಗಲಿಲ್ಲ. ಮುದುಕ ಅದರ ಬೆನ್ನ ಮೇಲಿನ ಅಂಕಿಯನ್ನು ಕನ್ನಡಕವೇರಿಸಿ ಓದಿದ: ಹತ್ತು ಸಾವಿರ ಓಮ್. ಎದ್ದು ಹೋಗಿ ಮೂಲೆಯ ಡಬ್ಬಿಯಿಂದ ಸತ್ತುಹೋದ ಜೇಬು ಟ್ರಾನ್ಸಿಸ್ಟರೊಂದನ್ನು ತಂದ. ಅದರ ದನಿಯ ಗಾಲಿಯೂ ಅಷ್ಟೇ ಓಮಿನದು, ಹೆಚ್ಚುಕಡಿಮೆ ಅಷ್ಟೇ ಅಗಲದ್ದು. ಅದಕ್ಕಂಟಿದ ಸ್ವಿಚ್ಚನ್ನು ಕೆಲಸವಿಲ್ಲದೆ ಹಾಗೆಯೇ ಬಿಟ್ಟು, ಅಂಚನ್ನು ಒಂದಿಷ್ಟು ಅರದಿಂದ ಉಜ್ಜಿ ಕೂಡಿಸಿದ. ‘ಸಿಲೋನ್ ಹಾಡು ಕೇಳಿದ ಗಾಲಿ ಐತ್ರೀ ಇದು. ಇನ್ನ ಮಗಳ ಮಾತು ಕೇಳಲಿ’ ಎಂದ.

‘ಇಷ್ಟ ಹಣಾ, ಇಷ್ಟ ತಿರುಗಾಟ ಯಾಕ ಅಪ್ಪಾ? ಮೊಬೈಲಿನ್ಯಾಗ ಎಲ್ಲಾರಿಗೂ ಕೇಳಸ್ತೈತಲ್ಲ’ ಎಂದು ಮಗ ಮೊದಲೇ ಕೇಳಿದ್ದ. ‘ಎಲ್ಲಾರಿಗೂ ಕೇಳಸ್ತೈತಿ, ಅದಕ್ಕ’ ಎಂದಿದ್ದರು ಮಾಸ್ತರರು. ಐವತ್ತು ವರ್ಷದ ದಾಂಪತ್ಯದಲ್ಲಿ ಹೆಂಡತಿ ಮಗಳಿಗೆ ಹೇಳುವ ಮಾತುಗಳಲ್ಲಿ ಕೆಲವಾದರೂ ತಮ್ಮನ್ನೇ ಕುರಿತವು ಎಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ತಾವು ಕೇಳಬಾರದ ಮಾತಿಗಾಗಿ ಅವರು ಎರಡು ಜಿಲ್ಲೆ ತಿರುಗಿದ್ದರು. ಕಿವುಡರ ಮನೆಯಲ್ಲಿ ಜೋರಾಗಿ ಮಾತನಾಡುವವರಿಗೆ ಕೊರತೆಯಿಲ್ಲ. ಗುಟ್ಟಿಗೆ ಎಡೆ ಮಾಡಿಕೊಡುವವರು ವಿರಳ.

ಮುಂದಿನ ರವಿವಾರ ಫೋನು ಬಾರಿಸಿದಾಗ ಮಾಸ್ತರರು ಕೈಚೀಲ ತೆಗೆದುಕೊಂಡು, ತರಬೇಕಾದ್ದೇನೂ ಇಲ್ಲದಿದ್ದರೂ, ಪೇಟೆಯ ಕಡೆ ನಡೆದರು. ಹಿಂದಿರುಗುವ ಹೊತ್ತಿಗೆ ದೀಪ ಹಚ್ಚಿತ್ತು. ‘ಆಕಿಗೆ ಒಣಮೆಣಸಿನಕಾಯಿ ಎರಡು ಕಿಲೋ ಬೇಕಂತ್ರಿ’ ಎಂದರು ಹೆಂಡತಿ. ಮುಕ್ಕಾಲು ತಾಸಿನಲ್ಲಿ ಉಳಿದದ್ದೇನೆಂದು ಅವರು ಕೇಳಲಿಲ್ಲ.