ಮಧುಗಿರಿಯ ಮಂಜು, ತಂದೆಯವರ ಕ್ಯಾಮೆರಾ

ಸಮುದ್ರಮಟ್ಟದಿಂದ 3,900 ಅಡಿಗೂ ಮಿಗಿಲಾದ ಮಧುಗಿರಿಯ ಏಕಶಿಲಾಬೆಟ್ಟವನ್ನು ಮಾರ್ಗಶಿರದ ಮುಂಜಾನೆ ಹತ್ತುವವರು ತಮಗೆ ಶಾಲು ಹೊದೆಯುವರೇ ಹೊರತು ಕ್ಯಾಮೆರಾದ ಯೋಚನೆ ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ. ಕೊರಳಲ್ಲಿದ್ದುದು ತಂದೆಯವರು ಬಿಟ್ಟುಹೋದ ಫಿಲಂ ಕ್ಯಾಮೆರಾ.

ಕೋಟೆಯ ಗೋಡೆಗಳ ಮೇಲೆ ಮಂಜು ಹರಿದಾಡುತ್ತಿದ್ದಾಗ ಅದು ಚೆನ್ನಾಗಿಯೇ ಕೆಲಸ ಮಾಡಿತು. ಕೇಡು ಕಾದಿದ್ದುದು ಕೆಳಗೆ, ಇಡ್ಲಿಯ ಹಬೆ ತುಂಬಿದ ಹೋಟೆಲಿನಲ್ಲಿ. ಕಾಫಿ ಬರುವಷ್ಟರಲ್ಲಿ ಲೆನ್ಸೆಲ್ಲ ಬೆವರಿತ್ತು! ತಣ್ಣೀರ ಚೊಂಬಿನ ಹೊರಮೈಯಲ್ಲಿ ಹನಿಗೂಡುವಂತೆ, ತಣಿದ ಗಾಜಿನ ಮೇಲೆ ಕೋಣೆಯ ತೇವ ನೀರಾಗಿ ಕುಳಿತಿತ್ತು. ಅವಸರದಲ್ಲಿ ಪಂಚೆಯ ಅಂಚಿನಿಂದ ಒರೆಸಿದೆ. ಅಂದು ಬಿದ್ದ ಗೀರು ಇಂದಿಗೂ ಉಂಟು. ಹಸಿಯಾಗಿಯೇ ತೊಗಲಿನ ಚೀಲದಲ್ಲಿ ಮುಚ್ಚಿಟ್ಟುದು ಎರಡನೆಯ ತಪ್ಪು. ತೊಗಲು ತೇವವನ್ನು ಹಿಡಿದಿಡುತ್ತದೆ, ತೇವ ಬೂಷ್ಟನ್ನು ಬೆಳೆಸುತ್ತದೆ. ಕೆಲವು ತಿಂಗಳ ಬಳಿಕ ಲೆನ್ಸಿನೊಳಗೆ ಜೇಡರಬಲೆಯಂತಹ ಎಳೆಗಳು! ರಿಪೇರಿಯವರು ಬಿಚ್ಚಿ ತೆಗೆದರೆನ್ನುವುದು ನನ್ನ ಪುಣ್ಯ.

ಈಗ ಬೆಟ್ಟದ ತಣ್ಣನೆಯ ಗಾಳಿಯಲ್ಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಬಿಗಿಯುತ್ತೇನೆ. ಕೆಳಗಿಳಿದಾಗ ಹನಿಗಳು ಚೀಲದ ಹೊರಗೇ ನಿಲ್ಲುತ್ತವೆ. ಒಳಗಿನದು ತಾನಾಗಿ ಬೆಚ್ಚಗಾಗುವವರೆಗೆ, ಬಿಸಿಲಿಗಿಡದೆ, ಒಂದು ಗಂಟೆಯಾದರೂ ಕಾಯಬೇಕು. ಮನೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಗಾಳಿಯಾಡದ ಡಬ್ಬವೇ ಅದರ ಬಿಡಾರ. ಕೊರಟಗೆರೆಯ ಸಿದ್ಧರಬೆಟ್ಟಕ್ಕೆ ಹೋದರೂ, ಶಿರಾ ಸೀಮೆಯ ಕಗ್ಗಲಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳನ್ನು ನೋಡಲು ನಸುಕಿನಲ್ಲಿ ಹೊರಟರೂ ಇದೇ ಜೋಪಾನ. ಪಾವಗಡದ ಒಣ ಹವೆಯಲ್ಲಿ ಮಾತ್ರ ಧೂಳಿನದೇ ಚಿಂತೆ.

ಮೊನ್ನೆ ಅದೇ ಹೋಟೆಲಿನ ಬಾಗಿಲಲ್ಲಿ ಮಂಜು ಸರಿದು ಬೆಟ್ಟ ಇಡಿಯಾಗಿ ಕಾಣಿಸಿತು. “ಅಪ್ಪ, ಬೇಗ ತೆಗೆಯಿರಿ!” ಎಂದಳು ಮಗಳು. ಚೀಲವನ್ನು ಮುಟ್ಟಿನೋಡಿದೆ; ಇನ್ನೂ ತಣ್ಣಗಿತ್ತು. ಇನ್ನೊಂದು ಕಾಫಿಗೆ ಹೇಳಿದೆ.