ರಿಸೀವರಿನ ಬೆನ್ನು

ಹಳೆಯ ಸ್ಟೀರಿಯೊ ರಿಸೀವರಿನ ಮುಂಭಾಗ ನೋಡುವುದಕ್ಕೆ ಚೆಂದ. ದೊಡ್ಡ ವಾಲ್ಯೂಮ್ ತಿರುಗಣೆ, ಬೇಸ್, ಟ್ರೆಬಲ್, ಬೆಳಕು ಹೊತ್ತ ರೇಡಿಯೊ ಪಟ್ಟಿ. ಅದರ ಬೆನ್ನನ್ನು ಮಾತ್ರ ಎಲ್ಲರೂ ಗೋಡೆಗೆ ತಿರುಗಿಸಿ ಇಡುತ್ತಾರೆ. ಅಲ್ಲಿ ಸಾಲು ಸಾಲು ತೂತುಗಳು, ತಿರುಪುಗಳು, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರಗಳು. ಯಾವುದು ಒಳಗೆ ಬರುವ ದಾರಿ, ಯಾವುದು ಹೊರಗೆ ಹೋಗುವ ದಾರಿ ಎಂಬುದನ್ನು ತಿಳಿಸುವುದು ಆ ಸಣ್ಣ ಅಕ್ಷರಗಳೇ.

ನಾಗಮಂಗಲ ಸೀಮೆಯ ಸೋಬಾನೆ ಪದಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ನನಗೆ ಈ ಬೆನ್ನನ್ನು ಓದುವ ಅಗತ್ಯ ಬಂದದ್ದು ಒಂದು ಕ್ಯಾಸೆಟ್ಟಿನಿಂದ. ಬಿಂಡಿಗನವಿಲೆಯ ನಮ್ಮ ಮನೆಯಲ್ಲಿ ಅತ್ತೆಯ ಮದುವೆಯ ದಿನ ಅಜ್ಜಿ ಹಾಡಿದ ಪದಗಳನ್ನು ದೊಡ್ಡಪ್ಪ ರೆಕಾರ್ಡ್ ಮಾಡಿಕೊಂಡಿದ್ದರು. ಅವರು ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಬರುವಾಗ ಒಂದು ಜಪಾನಿ ರಿಸೀವರ್, ಒಂದು ಕ್ಯಾಸೆಟ್ ಡೆಕ್ ತಂದಿದ್ದರು. ಅಜ್ಜಿ ಹೋಗಿ ಹನ್ನೊಂದು ವರ್ಷವಾಯಿತು. ಅವರ ದನಿ ಉಳಿದಿರುವುದು ಆ ಒಂದು ಟೇಪಿನಲ್ಲಿ ಮಾತ್ರ. ಮೂವತ್ತು ವರ್ಷ ದಾಟಿದ ಟೇಪು ಎಷ್ಟು ಸಲ ಓಡುತ್ತದೆ ಎಂಬ ಭರವಸೆ ಇರುವುದಿಲ್ಲ. ಮೇಲಿನ ಕಂದು ಲೇಪ ಸವೆದು ಹೆಡ್ಡಿಗೆ ಅಂಟಬಹುದು, ಟೇಪು ಸಿಕ್ಕಿಕೊಂಡು ತುಂಡಾಗಬಹುದು. ಹಾಗಾಗಿ ಮೊದಲು ವೈರುಗಳೆಲ್ಲ ಸರಿಯಾಗಬೇಕು, ಆಮೇಲೆ ಟೇಪು ಹಾಕಬೇಕು ಎಂದು ನಾನೂ ದೊಡ್ಡಪ್ಪನೂ ಮಾತಾಡಿಕೊಂಡೆವು.

ಆದರೆ ರಿಸೀವರೇ ಮೂಕವಾಗಿತ್ತು. ದೀಪ ಹತ್ತುತ್ತಿತ್ತು, ಸದ್ದಿಲ್ಲ. ಹಿಂದೊಮ್ಮೆ ಪಟ್ಟಣದ ರಿಪೇರಿಯವರೊಬ್ಬರು ಒಳಗಿನ ಐಸಿ ಹೋಗಿದೆ, ಪಾರ್ಟ್ ಸಿಗುವುದಿಲ್ಲ ಎಂದು ವಾಪಸು ಕಳಿಸಿದ್ದರಂತೆ. ಪ್ಲಗ್ ಕಿತ್ತು, ಅದನ್ನು ಮಂಚದ ಮೇಲೆ ಕವುಚಿ ಹಾಕಿ, ಧೂಳು ಒರೆಸಿ, ಟಾರ್ಚ್ ಹಿಡಿದು ಒಂದೊಂದೇ ಅಕ್ಷರ ಓದತೊಡಗಿದೆವು. ಬಲಮೂಲೆಯಲ್ಲಿ 'ಪ್ರೀ ಔಟ್' ಎಂದು ಎರಡು ತೂತು, ಅದರ ಕೆಳಗೆ 'ಮೇನ್ ಇನ್' ಎಂದು ಎರಡು ತೂತು. ನಾಲ್ಕೂ ಖಾಲಿ.

ರಿಸೀವರ್ ಎಂದರೆ ಒಂದೇ ಡಬ್ಬಿಯೊಳಗೆ ಮೂರು ಯಂತ್ರ. ರೇಡಿಯೊ ಹಿಡಿಯುವ ಟ್ಯೂನರ್ ಒಂದು. ಯಾವ ಮೂಲ ಕೇಳಬೇಕು, ಎಷ್ಟು ಜೋರು ಇರಬೇಕು ಎಂದು ತೀರ್ಮಾನಿಸುವ ಪ್ರೀ-ಆಂಪ್ಲಿಫೈಯರ್ ಇನ್ನೊಂದು. ಸ್ಪೀಕರನ್ನು ಅಲುಗಿಸುವ ಕಸುವು ಕೊಡುವ ಪವರ್ ಆಂಪ್ಲಿಫೈಯರ್ ಮೂರನೆಯದು. ಕೆಲವು ಹಳೆಯ ಮಾದರಿಗಳಲ್ಲಿ ಕೊನೆಯ ಎರಡರ ನಡುವಿನ ಕೊಂಡಿಯನ್ನು ಹೊರಗೆ ಬೆನ್ನ ಮೇಲೆಯೇ ಇಡುತ್ತಿದ್ದರು. ಬೇಕೆಂದವರು ನಡುವೆ ಈಕ್ವಲೈಜರ್ ಸೇರಿಸಿಕೊಳ್ಳಲಿ ಎಂದು. ಬೇಡದವರಿಗೆ ಎರಡೂ ತೂತು ಸೇರಿಸುವ 'ಯು' ಆಕಾರದ ಲೋಹದ ಕಡ್ಡಿ ಹಾಕಿರುತ್ತಿದ್ದರು. ಆ ಕಡ್ಡಿ ಬಿದ್ದುಹೋದರೆ ಒಳಗೆ ಎಲ್ಲ ನೆಟ್ಟಗಿದ್ದರೂ ಸದ್ದು ಅರ್ಧದಾರಿಯಲ್ಲೇ ನಿಲ್ಲುತ್ತದೆ.

"ಸುಣ್ಣ ಹೊಡಿಯವಾಗ ಎಲ್ಲೋ ಬಿದ್ದೋಗದೆ ಕಣ್ ಮಗ," ಅಂದರು ದೊಡ್ಡಪ್ಪ. ಒಂದು ಸಾಧಾರಣ ಆರ್‌ಸಿಎ ಕೇಬಲ್ಲಿನಿಂದ ಎಡಕ್ಕೆ ಎಡ, ಬಲಕ್ಕೆ ಬಲ ಸೇರಿಸಿದೆವು. ವಾಲ್ಯೂಮ್ ಪೂರಾ ಇಳಿಸಿ ಸ್ವಿಚ್ ಹಾಕಿ, ಮೆಲ್ಲಗೆ ಏರಿಸಿದಾಗ ಸ್ಪೀಕರಿನಿಂದ ರೇಡಿಯೊದ ಬರಿಯ ಮೊರೆತ ಕೇಳಿಸಿತು. ಆಂಟೆನಾ ಇಲ್ಲದ್ದಕ್ಕೆ ಮೊರೆತ. ನಮಗೆ ಅದೇ ಸಾಕಾಯಿತು.

ಎಫ್‌ಎಂ ಆಂಟೆನಾಕ್ಕೆ ಬೆನ್ನ ಮೇಲೆ ಎರಡು ಬಗೆಯ ಜಾಗ: 300 ಓಂ ಎಂದು ಎರಡು ತಿರುಪು, 75 ಓಂ ಎಂದು ಇನ್ನೊಂದು. ಮೊದಲನೆಯದು ಹಳೆಯ ಟಿವಿ ಆಂಟೆನಾದಿಂದ ಇಳಿಯುತ್ತಿದ್ದಂಥ ಚಪ್ಪಟೆ ಜೋಡಿ ತಂತಿಗೆ, ಎರಡನೆಯದು ಕೇಬಲ್ ಟಿವಿಯ ದುಂಡನೆಯ ವೈರಿನಂಥದ್ದಕ್ಕೆ. ಚಪ್ಪಟೆ ತಂತಿಯಲ್ಲಿ ಸುಮಾರು ಒಂದೂವರೆ ಮೀಟರ್ ಅಗಲದ 'ಟಿ' ಮಾಡಿ ಕಿಟಕಿಯ ಮೇಲೆ ಕಟ್ಟಿದ ಮೇಲೆ ಮೈಸೂರು ಆಕಾಶವಾಣಿಯ 100.6 ತಿಳಿಯಾಯಿತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಶುರುಮಾಡಿದ ಆ ನಿಲಯದಿಂದಲೇ 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆಲ್ಲ ಹೋಯಿತು.

ಬೆನ್ನ ಮೇಲಿನ ತೂತುಗಳಲ್ಲಿ ಹೆಚ್ಚಿನವು ನೋಡಲು ಒಂದೇ ಥರ. ಆದರೆ ಒಂದೊಂದೂ ತನ್ನೊಳಗೆ ಬರುವವರ ದನಿ ಎಷ್ಟಿರುತ್ತದೆ ಎಂದು ಮೊದಲೇ ಎಣಿಸಿಕೊಂಡಿರುತ್ತದೆ. 'ಫೋನೊ' ಎಂಬುದು ಗ್ರಾಮೊಫೋನ್ ತಟ್ಟೆಯ ಮುಳ್ಳಿಗಾಗಿ ಇರುವ ಜಾಗ. ಮುಳ್ಳು ಹುಟ್ಟಿಸುವ ವಿದ್ಯುತ್ತು ಕೆಲವೇ ಮಿಲಿವೋಲ್ಟ್. ಅದನ್ನು ಸುಮಾರು ನೂರು ಪಟ್ಟು ಹಿಗ್ಗಿಸಬೇಕು. ಅಷ್ಟೇ ಅಲ್ಲ, ತಟ್ಟೆ ಕೊರೆಯುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ, ಏರುಸ್ವರಗಳನ್ನು ಹೆಚ್ಚಿಸಿರುತ್ತಾರೆ. ಇಲ್ಲದಿದ್ದರೆ ತಗ್ಗಿನ ಸ್ವರಗಳ ಅಗಲದ ಗೆರೆಗಳು ಒಂದರ ಮೇಲೊಂದು ಹಾಯುತ್ತವೆ. ಫೋನೊ ಒಳಗಿನ ಸರ್ಕ್ಯೂಟು ಇದನ್ನು ತಿರುಗುಮುರುಗು ಮಾಡಿ ಸರಿದೂಗಿಸುತ್ತದೆ. ಅದರ ಅಳತೆಯನ್ನು 1954ರಲ್ಲಿ ಅಮೆರಿಕದ ರೆಕಾರ್ಡ್ ಉದ್ಯಮದ ಸಂಘ ಗೊತ್ತುಮಾಡಿತು. ಅದಕ್ಕೇ ಅದಕ್ಕೆ ಆರ್‌ಐಎಎ ಎಂಬ ಹೆಸರು.

'ಆಕ್ಸ್' ಎಂಬ ತೂತು ಹಾಗಲ್ಲ. ಅದು ಆಗಲೇ ಗಟ್ಟಿಯಾಗಿರುವ ದನಿಗಾಗಿ. ಕ್ಯಾಸೆಟ್ ಡೆಕ್ಕು, ಸಿಡಿ ಪ್ಲೇಯರ್, ಇವತ್ತಿನ ಫೋನು ಎಲ್ಲ ಇಲ್ಲಿಗೆ. ಸಿಡಿ ಪ್ಲೇಯರನ್ನು ಫೋನೊಗೆ ಹಾಕಿದರೆ ಹಾಡು ಒಡೆದು, ಉಬ್ಬಿ, ಕಿವಿಗೆ ಹೊಡೆಯುತ್ತದೆ. ತಟ್ಟೆಯನ್ನು ನೇರ ಆಕ್ಸಿಗೆ ಹಾಕಿದರೆ ಬಾವಿಯೊಳಗಿಂದ ಸೊಳ್ಳೆ ಹಾಡಿದ ಹಾಗೆ. ಪಕ್ಕದಲ್ಲಿರುವ 'ಜಿಎನ್‌ಡಿ' ತಿರುಪು ತಟ್ಟೆಯ ಯಂತ್ರದ ತೆಳು ತಂತಿಗೆ. ಅದನ್ನು ಕಟ್ಟದಿದ್ದರೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಹಾಡಿನ ಹಿಂದೆ ಕೂತೇ ಇರುತ್ತದೆ.

ಇಷ್ಟಾದ ಮೇಲೆ 'ಟೇಪ್' ಎಂಬ ನಾಲ್ಕು ತೂತುಗಳಿಗೆ ಬಂದೆವು: 'ಪ್ಲೇ' ಎಂದು ಎರಡು, 'ರೆಕ್' ಎಂದು ಎರಡು. ಪ್ಲೇ ಎಂದರೆ ಡೆಕ್ಕಿನಿಂದ ರಿಸೀವರಿಗೆ, ರೆಕ್ ಎಂದರೆ ರಿಸೀವರಿನಿಂದ ಡೆಕ್ಕಿಗೆ. ಮುಂಭಾಗದ 'ಟೇಪ್ ಮಾನಿಟರ್' ಗುಂಡಿ ಒತ್ತಿದರೆ ಪ್ಲೇ ತೂತಿಗೆ ಬಂದದ್ದು ಮಾತ್ರ ಕೇಳುತ್ತದೆ. ಅಲ್ಲಿ ಏನೂ ಸಿಕ್ಕಿಸದೆ ಗುಂಡಿ ಒತ್ತಿಬಿಟ್ಟರೆ ರೇಡಿಯೊ, ತಟ್ಟೆ ಎಲ್ಲ ಸುಮ್ಮನಾಗುತ್ತವೆ. ಕೆಟ್ಟಿದೆ ಎಂದು ಮೂಲೆ ಸೇರುವ ರಿಸೀವರುಗಳಲ್ಲಿ ಈ ಗುಂಡಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಟೇಪಿನ ದನಿಯನ್ನು ಲ್ಯಾಪ್‌ಟಾಪಿಗೆ ಇಳಿಸುವುದು, ಹಾಗೆಯೇ ಮನೆಯವರೆಲ್ಲ ಕೂತು ಕೇಳುವುದು, ಎರಡೂ ಒಟ್ಟಿಗೆ ಆಗಬೇಕಿತ್ತು. ಡೆಕ್ಕನ್ನು ಪ್ಲೇ ತೂತಿಗೆ ಹಾಕಿದರೆ ಕೇಳಬಹುದು, ಆದರೆ ಅದು ರೆಕ್ ತೂತಿನಿಂದ ಆಚೆ ಬರುವುದಿಲ್ಲ. ಬಂದರೆ ಡೆಕ್ಕಿನಿಂದ ಹೊರಟ ಸದ್ದು ಮತ್ತೆ ಅದೇ ಡೆಕ್ಕಿಗೆ ಸುತ್ತಿ ಬಂದು ಕೂಗಾಟವಾಗುತ್ತದೆಂದು ಆ ದಾರಿಯನ್ನು ಕಟ್ಟಿರುತ್ತಾರೆ. ಆದ್ದರಿಂದ ಡೆಕ್ಕನ್ನು ಆಕ್ಸಿಗೆ ಸೇರಿಸಿದೆವು. ರೆಕ್ ತೂತಿನಿಂದ ಒಂದು ಪುಟ್ಟ ಯುಎಸ್‌ಬಿ ಆಡಿಯೊ ಪೆಟ್ಟಿಗೆಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ ವೈರು ಎಳೆದೆವು.

ಅಜ್ಜಿ ಹಾಡತೊಡಗಿದರು. ಅಡುಗೆಮನೆಯಿಂದ ಅವ್ವ "ವಸಿ ಜೋರಾಗ್ ಮಡ್ಗಿ ಭಾವಾ" ಅಂದಿತು. ದೊಡ್ಡಪ್ಪ ವಾಲ್ಯೂಮ್ ಏರಿಸಿದರು. ಅಪ್ಪ ಬಂದು ಬೇಸ್ ತಿರುಗಿಸಿತು. ಅತ್ತೆ ಕಣ್ಣೊರೆಸಿಕೊಂಡು, ಸಾಕು ಕಮ್ಮಿ ಮಾಡಿ ಅಂದರು. ಸ್ಪೀಕರಿನಲ್ಲಿ ದನಿ ಏರುತ್ತಿತ್ತು, ಇಳಿಯುತ್ತಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲಿನ ಗೆರೆಗೆ ಇದ್ಯಾವುದೂ ತಾಗಲಿಲ್ಲ. ರೆಕ್ ತೂತನ್ನು ವಾಲ್ಯೂಮ್, ಬೇಸ್, ಟ್ರೆಬಲ್ಲುಗಳಿಗಿಂತ ಮೊದಲೇ ಕವಲೊಡೆಸಿರುತ್ತಾರೆ. ಕೇಳುವವರ ಇಷ್ಟಾನಿಷ್ಟ ಕೋಣೆಯೊಳಗೇ ಉಳಿಯುತ್ತದೆ, ಕಾಪಿಡುವುದಕ್ಕೆ ಮೂಲ ಹೇಗೆ ಬಂತೋ ಹಾಗೇ ಹೋಗುತ್ತದೆ.

ನನ್ನ ಓದಿಗೆ ಇದು ನೇರವಾಗಿ ತಾಗುವ ವಿಚಾರ. ನಮ್ಮ ತಾಲ್ಲೂಕಿನ ಹೆರಗನಹಳ್ಳಿಯವರಾದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಪದಗಳನ್ನು ಬರೆದುಕೊಳ್ಳುವುದರ ಜೊತೆಗೆ ಹಾಡುಗಾರರ ದನಿಯನ್ನೂ ಹಿಡಿದಿಡುವ ದೊಡ್ಡ ಕೆಲಸಕ್ಕೆ ಕೈಹಾಕಿದರು. ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಅದು ಇವತ್ತಿಗೂ ಇದೆ. ಅಚ್ಚಿನ ಪುಸ್ತಕದಲ್ಲಿ ಪದ ನೆಟ್ಟಗೆ, ಸಾಲುಸಾಲಾಗಿ ನಿಲ್ಲುತ್ತದೆ. ಅಜ್ಜಿಯ ಟೇಪಿನಲ್ಲಿ ಹಾಗಿಲ್ಲ. ಒಂದು ಸಾಲು ಅರ್ಧಕ್ಕೆ ನಿಂತು ಕೆಮ್ಮು ಬರುತ್ತದೆ. ಸೊಲ್ಲು ಎತ್ತಿಕೊಳ್ಳುವ ಹೆಂಗಸರು ಒಂದು ಕಡೆ ಹಿಂದೆ ಬೀಳುತ್ತಾರೆ. ಹಾಡಿನ ನಡುವೆಯೇ ಅಜ್ಜಿ ಯಾರಿಗೋ "ದೀಪುಕ್ಕೆ ಎಣ್ಣೆ ಬುಡವ್ವ" ಎಂದು ಹೇಳಿ, ಮುಂದಿನ ಸಾಲನ್ನು ಅದೇ ಉಸಿರಿನಲ್ಲಿ ಹಿಡಿಯುತ್ತಾರೆ.

ಪ್ರಬಂಧದ ಅನುಬಂಧಕ್ಕೆ ಪದಗಳನ್ನು ಬರೆಯುವಾಗ ಇವನ್ನೆಲ್ಲ ತೆಗೆದು ಪಾಠ ಶುದ್ಧ ಮಾಡುವುದು ರೂಢಿ. ಓದುವುದಕ್ಕೆ ಸುಲಭವಾಗಲೆಂದು ಅಂಥದ್ದೊಂದು ಪ್ರತಿಯನ್ನು ನಾನೂ ಮಾಡಿದ್ದೇನೆ. ಆದರೆ ಅದರ ಎದುರು ಪುಟದಲ್ಲಿ ಕೆಮ್ಮು, ಎಣ್ಣೆ, ತಡವರಿಕೆ ಎಲ್ಲವನ್ನೂ ಬಂದ ಹಾಗೇ ಬರೆದಿಟ್ಟಿದ್ದೇನೆ. ಮದುವೆಮನೆಯ ಕೆಲಸ ನಡೆಸುತ್ತಲೇ ಹಾಡುವ ಹೆಂಗಸಿನ ಪದ ಅದು. ಕೆಲಸವನ್ನು ತೆಗೆದರೆ ಪದ ಎಲ್ಲಿಂದ ಹುಟ್ಟಿತೆಂಬುದೇ ಗೊತ್ತಾಗುವುದಿಲ್ಲ.

ದನಿಯ ಕಡತವೂ ಎರಡಿದೆ. ಒಂದರಲ್ಲಿ ಟೇಪಿನ ಸುಯ್ ಸದ್ದು ಕಡಿಮೆ ಮಾಡಿ ಮನೆಯವರ ಫೋನುಗಳಿಗೆ ಕಳಿಸಿದ್ದೇನೆ. ರೆಕ್ ತೂತಿನಿಂದ ಬಂದ ಇನ್ನೊಂದನ್ನು ಮುಟ್ಟಿಲ್ಲ. ಅದರ ಒಂದು ಪ್ರತಿ ದೊಡ್ಡಪ್ಪನ ಬಳಿ, ಒಂದು ನನ್ನ ಬಳಿ ಇದೆ. ನಿಮ್ಮ ಮನೆಯ ಅಟ್ಟದಲ್ಲೂ ಹೀಗೊಂದು ಮೂಕ ಡಬ್ಬಿ, ಹೆಸರು ಬರೆಯದ ಒಂದು ಕ್ಯಾಸೆಟ್ಟು ಇದ್ದರೆ, ಗುಜರಿಗೆ ಹಾಕುವ ಮುಂಚೆ ಡಬ್ಬಿಯನ್ನು ತಿರುಗಿಸಿ ಟಾರ್ಚ್ ಬಿಟ್ಟು ನೋಡಿ.