ಮನೆತನದ ಹೆಸರು, ಕೆಲಸದ ಹೆಸರು

ಊರಿನಲ್ಲಿ ಒಬ್ಬರನ್ನೇ ಕೆಲವರು ಮನೆತನದ ಹೆಸರಿನಿಂದಲೂ ಕೆಲವರು ಮಾಡುವ ಕೆಲಸದಿಂದಲೂ ಗುರುತಿಸುವುದುಂಟು. ಕಾಗದದ ಮೇಲೆ ‘ಮೇಷ್ಟ್ರು’ ಎಂದಿದ್ದರೂ ‘ದೊಡ್ಡಮನೆಯವರು’ ಎಂದಿದ್ದರೂ ಅಂಚೆಯವನು ಅದನ್ನು ತಪ್ಪದೆ ಮುಟ್ಟಿಸುತ್ತಾನೆ. ಕಂಪ್ಯೂಟರಿಗೆ ಇಂಥ ಊರ ತಿಳಿವಳಿಕೆ ಇಲ್ಲ. ಬರೆದ ಹೆಸರೇ ಬೇರೆ, ಕೇಳಿದ ಹೆಸರೇ ಬೇರೆಯಾದರೆ ಅದು ‘ಇಲ್ಲ’ ಎಂದುಬಿಡುತ್ತದೆ.

ಕಂಪ್ಯೂಟರ್ ಓದುತ್ತಿರುವ ಹುಡುಗಿಯೊಬ್ಬಳು ತಾನು ಕಲಿತ ಶಾಲೆಗಾಗಿ ಜಾಲತಾಣ ಸಿದ್ಧಪಡಿಸುತ್ತಿದ್ದಾಳೆ ಎಂದುಕೊಳ್ಳೋಣ. ವಿದ್ಯಾರ್ಥಿಗಳು, ಶಿಕ್ಷಕರು ಎಲ್ಲರ ವಿವರವನ್ನೂ ಅವಳು ‘ವ್ಯಕ್ತಿ’ ಎಂಬ ಒಂದೇ ಕೋಷ್ಟಕದಲ್ಲಿಟ್ಟು, ಯಾರು ಯಾವ ಬಗೆಯವರು ಎಂದು ತಿಳಿಸಲು ಒಂದು ಕಾಲಂ ಮೀಸಲಿಟ್ಟಿದ್ದಾಳೆ. ಇದಕ್ಕೆ ಸಿಂಗಲ್ ಟೇಬಲ್ ಇನ್‌ಹೆರಿಟೆನ್ಸ್ ಎಂದು ಹೆಸರು. ಮಾರ್ಟಿನ್ ಫೌಲರ್ 2002ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇದರ ವಿವರಣೆ ಇದೆ.

ಭಾವಚಿತ್ರಗಳಿಗೆ ಬೇರೆಯೇ ಕೋಷ್ಟಕ. ಚಿತ್ರ ವ್ಯಕ್ತಿಯದೂ ಆಗಬಹುದು, ಶಾಲೆಯ ಕಟ್ಟಡದ್ದೂ ಆಗಬಹುದು. 7 ಎಂಬ ಸಂಖ್ಯೆ ವ್ಯಕ್ತಿಗಳಲ್ಲೂ ಉಂಟು, ಕಟ್ಟಡಗಳಲ್ಲೂ ಉಂಟು. ಆದ್ದರಿಂದ ಪ್ರತಿ ಚಿತ್ರದ ಮುಂದೆ ಒಡೆಯನ ಸಂಖ್ಯೆಯ ಜೊತೆಗೆ ಒಡೆಯನ ಬಗೆಯನ್ನೂ ಬರೆಯಬೇಕು. ಇದೇ ಪಾಲಿಮಾರ್ಫಿಕ್ ಅಸೋಸಿಯೇಷನ್. ಡೆನ್ಮಾರ್ಕಿನ ಡೇವಿಡ್ ಹೈನೆಮೈಯರ್ ಹ್ಯಾನ್ಸನ್ 2004ರಲ್ಲಿ ಹೊರತಂದ ‘ರೂಬಿ ಆನ್ ರೈಲ್ಸ್’ ಎಂಬ ತಂತ್ರಾಂಶದಲ್ಲಿ ಈ ಏರ್ಪಾಡು 2006ರಿಂದ ಇದೆ.

ಎರಡೂ ಒಂದೆಡೆ ಸೇರಿದಾಗ ತೊಡಕು ಹುಟ್ಟುತ್ತದೆ. ಶಿಕ್ಷಕರೊಬ್ಬರ ಚಿತ್ರ ಸೇರಿಸುವಾಗ ಹುಡುಗಿ ಒಡೆಯನ ಬಗೆ ‘ಶಿಕ್ಷಕ’ ಎಂದು ತಾನೇ ಬರೆಯುತ್ತಾಳೆ. ಅದು ಸಹಜವೇ. ಆದರೆ ಚಿತ್ರ ಹುಡುಕುವಾಗ ರೈಲ್ಸ್ ಕೇಳುವುದು ‘ವ್ಯಕ್ತಿ’ ಎಂಬ ಮೂಲ ವರ್ಗದ ಹೆಸರನ್ನು. ಪರದೆಯ ಮೇಲೆ ಒಂದು ಚಿತ್ರವೂ ಕಾಣುವುದಿಲ್ಲ, ತಪ್ಪಿನ ಸೂಚನೆಯೂ ಬರುವುದಿಲ್ಲ. ವಾರವಿಡೀ ಕುಳಿತು ಜೋಡಿಸಿದ್ದೆಲ್ಲ ಅಳಿಸಿಹೋಯಿತೆಂದು ಗಾಬರಿಯಾಗುತ್ತದೆ. ಎಲ್ಲವನ್ನೂ ಕಿತ್ತುಹಾಕಿ ಮತ್ತೆ ಮೊದಲಿನಿಂದ ಆರಂಭಿಸುವ ಮನಸ್ಸಾಗುವುದು ಇಂಥ ಹೊತ್ತಿನಲ್ಲೇ.

ರೈಲ್ಸ್ ಮೂಲ ಹೆಸರನ್ನೇ ಏಕೆ ಹಿಡಿಯುತ್ತದೆ? ವ್ಯಕ್ತಿಗಳಿಗೆಲ್ಲ ಇರುವುದು ಒಂದೇ ಕೋಷ್ಟಕ. ಅದನ್ನು ತಲುಪಲು ‘ವ್ಯಕ್ತಿ’ ಎಂದರೆ ಸಾಕು. ಶಿಕ್ಷಕನೋ ವಿದ್ಯಾರ್ಥಿಯೋ ಎಂಬುದನ್ನು ಆ ಕೋಷ್ಟಕದ ಕಾಲಂ ಹೇಳುತ್ತದೆ. ಇದರಲ್ಲಿ ಇನ್ನೊಂದು ಅನುಕೂಲವೂ ಉಂಟು. ಇಂದಿನ ವಿದ್ಯಾರ್ಥಿ ಮುಂದೆ ಅದೇ ಶಾಲೆಗೆ ಶಿಕ್ಷಕನಾಗಿ ಬಂದನೆನ್ನಿ. ಆ ಒಂದು ಕಾಲಂ ತಿದ್ದಿದರಾಯಿತು, ಅವನ ಬಾಲ್ಯದ ಚಿತ್ರಗಳು ಅವನಿಗೇ ಅಂಟಿಕೊಂಡಿರುತ್ತವೆ. ಕೆಲಸ ಬದಲಾದರೂ ಮನೆತನ ಬದಲಾಗದು ತಾನೆ?

ಪರಿಹಾರವೂ ಸುಲಭ. ಮೊದಲು ಮಾಹಿತಿಯ ಒಂದು ಪ್ರತಿ ತೆಗೆದಿಡಬೇಕು. ಬಳಿಕ ಚಿತ್ರಗಳ ಕೋಷ್ಟಕದಲ್ಲಿ ‘ಶಿಕ್ಷಕ’, ‘ವಿದ್ಯಾರ್ಥಿ’ ಎಂದಿರುವ ಕಡೆಯೆಲ್ಲ ‘ವ್ಯಕ್ತಿ’ ಎಂದು ತಿದ್ದಬೇಕು. ಇನ್ನು ಮುಂದೆ ಆ ಹೆಸರನ್ನು ಕೈಯಿಂದ ಬರೆಯದೆ ರೈಲ್ಸಿಗೇ ಬಿಡಬೇಕು. ಒಂದು ಎಚ್ಚರಿಕೆಯೂ ಅಗತ್ಯ: ಈ ಏರ್ಪಾಡಿನಲ್ಲಿ ಒಡೆಯ ನಿಜವಾಗಿ ಇದ್ದಾನೆಯೇ ಎಂದು ಸಾಮಾನ್ಯವಾದ ಫಾರಿನ್ ಕೀ ನಿಯಮದಿಂದ ಪರೀಕ್ಷಿಸಲಾಗದು. ವ್ಯಕ್ತಿಯ ವಿವರ ಅಳಿಸಿದಾಗ ಚಿತ್ರ ಅನಾಥವಾಗಿ ಉಳಿಯದಂತೆ ನೋಡಿಕೊಳ್ಳುವ ಹೊಣೆ ಬರೆಯುವವರದೇ.

ಮಕ್ಕಳು ಇಂಥ ತೊಡಕಿನಲ್ಲಿ ಸಿಕ್ಕಿ ರಾತ್ರಿ ಹತ್ತಾದರೂ ಊಟಕ್ಕೇಳದಿದ್ದರೆ ತಾಯಿತಂದೆಯರು ‘ಹಾಳುಮಾಡಿದೆ’ ಎಂದು ಗದರುವ ಬದಲು ಒಂದು ಪ್ರಶ್ನೆ ಕೇಳಬಹುದು: ‘ಯಾವ ಹೆಸರಿನಲ್ಲಿ ಇಟ್ಟೆ, ಯಾವ ಹೆಸರಿನಲ್ಲಿ ಹುಡುಕುತ್ತಿದ್ದೀಯ?’ ಇದಕ್ಕೆ ಕಂಪ್ಯೂಟರ್ ಕಲಿತಿರಬೇಕಾಗಿಲ್ಲ. ಕಾಣದ್ದೆಲ್ಲ ಕಳೆದುಹೋದದ್ದಲ್ಲ ಎಂಬ ತಿಳಿವಳಿಕೆ ಇದ್ದರೆ ಸಾಕು.